ಹಪ್ಪಳದ ಚಾಪೆ, ಮಳೆ ಮತ್ತು ಒಂದು ಡಿವಿಡಿ

ನಮ್ಮ ಹೆಬ್ರಿ ಆಗುಂಬೆ ಘಾಟಿಯ ಬುಡದ ಊರು. ಇಲ್ಲಿ ಮಳೆಗಾಲ ಅಂದರೆ ನಿಜವಾದ ಮಳೆಗಾಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಕಪಾಟಿನ ಒಳಗಿನ ಕೋಟಿಗೂ ಬೂಸ್ಟು. ಆದರೆ ವಿಡಿಯೋ ಕ್ಯಾಸೆಟ್ಟಿಗೂ ಬೂಸ್ಟು ಬರುತ್ತದೆ ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ, ಅಟ್ಟ ಗುಡಿಸುವಾಗ. ಅಡಿಕೆ ಗೋಣಿಯ ಹಿಂದೆ ಒಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ಎರಡು ಕ್ಯಾಸೆಟ್ಟು. ಪಾರದರ್ಶಕ ಕಿಟಕಿಯಿಂದ ನೋಡಿದರೆ ಟೇಪಿನ ಅಂಚಿನಲ್ಲಿ ರಂಗೋಲಿ ಹುಡಿ ಉದುರಿಸಿದ ಹಾಗೆ ಬಿಳಿ ಬಿಳಿ.

ಒಂದರ ಮೇಲೆ ನನ್ನದೇ ಅಕ್ಷರ: ‘ಮನೆ, ಮೇ 1994’. ಇನ್ನೊಂದರ ಮೇಲೆ: ‘ಹರಕೆ ಆಟ’.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಬಿಕಾಂ ಓದಿದವನಿಗೆ ವಿಡಿಯೋ ತಂತ್ರಜ್ಞಾನ ಎಲ್ಲಿಂದ ಬರಬೇಕು? ಆದರೂ ಒಂಬತ್ತನೇ ತರಗತಿಯ ಮೊಮ್ಮಗಳ ಜೊತೆ ಕುಳಿತು ಈ ಎರಡು ಟೇಪುಗಳನ್ನು ಡಿಸ್ಕಿಗೆ ಇಳಿಸಿದ್ದೇನೆ. ಕೊನೆಗೆ ನೋಡಿದರೆ ಇದರಲ್ಲಿ ಮುಕ್ಕಾಲು ಪಾಲು ನನ್ನ ಹಳೆಯ ಲೆಡ್ಜರ್ ಕೆಲಸವೇ. ಅಜ್ಜ ಅಜ್ಜಿಯರಿಗೂ ಪುಟಾಣಿಗಳಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಚೌಕ ಚೌಕವಾದ ಅಮ್ಮ

1994ರಲ್ಲಿ ತಂಗಿಯ ಗಂಡ ಮಸ್ಕತ್ತಿನಿಂದ ರಜೆಯಲ್ಲಿ ಬಂದಾಗ ಹೆಗಲ ಮೇಲೆ ಇಡುವ ದೊಡ್ಡ ಕ್ಯಾಮೆರಾ ತಂದಿದ್ದರು. ಆ ಮೇ ತಿಂಗಳಲ್ಲಿ ಮನೆಯಲ್ಲಿ ಹಲಸಿನ ಹಪ್ಪಳದ ಗೌಜಿ. ಅಮ್ಮ ಮಣೆಯ ಮೇಲೆ ಒತ್ತುವುದು, ಅಕ್ಕ ಚಾಪೆಯ ಮೇಲೆ ಹರಡುವುದು, ಮಕ್ಕಳು ಕಾಗೆ ಓಡಿಸುವ ನೆಪದಲ್ಲಿ ಹಸಿ ಹಪ್ಪಳ ತಿನ್ನುವುದು ಎಲ್ಲ ದಾಖಲಾಯಿತು. ಅಷ್ಟರಲ್ಲಿ ಸಂಜೆಯ ಗುಡುಗು ಮಳೆ ಹೇಳದೆ ಕೇಳದೆ ಬಂತು. ಎಲ್ಲರೂ ಚಾಪೆ ಎತ್ತಲು ಓಡಿದರು. ಕ್ಯಾಮೆರಾ ಚಾವಡಿಯಲ್ಲಿ ನಡೆಯುತ್ತಲೇ ಇತ್ತು. ಆಗ ಅಪ್ಪಯ್ಯ ಕೊಡೆ ಹಿಡಿದು ಅಂಗಳಕ್ಕೆ ಇಳಿದರು.

ಅಪ್ಪಯ್ಯನಿಗೆ ಕ್ಯಾಮೆರಾ ಅಂದರೆ ಆಗದು. ಕಂಡರೆ ಒಳಗೆ ಹೋಗುತ್ತಿದ್ದರು. ಅವರು ನಡೆದಾಡುವ ಚಿತ್ರ ನಮ್ಮಲ್ಲಿ ಇರುವುದು ಇದೊಂದೇ, ಎಂಟು ಸೆಕೆಂಡು. ಮರುವರ್ಷ ಅವರು ತೀರಿಕೊಂಡರು. ಅಮ್ಮ ಹೋದದ್ದು 2003ರಲ್ಲಿ.

2007ರಲ್ಲಿ ಮನೆಯ ವಿಸಿಆರ್ ಕೆಟ್ಟಿತು. ಪೇಟೆಯ ಒಂದು ಅಂಗಡಿಗೆ ಎರಡೂ ಟೇಪು ಕೊಟ್ಟು ಡಿವಿಡಿ ಮಾಡಿಸಿದೆ. “ಆರು ಗಂಟೆಯನ್ನೂ ಒಂದೇ ಡಿಸ್ಕಿನಲ್ಲಿ ಕೂರಿಸಿ ಕೊಟ್ಟಿದ್ದೇನೆ ಸಾರ್” ಎಂದಾಗ ನನಗೆ ಲಾಭವೆಂದೇ ಕಂಡಿತು. ಮೊದಲ ಐದು ನಿಮಿಷ ನೋಡಿ ಕಪಾಟಿನಲ್ಲಿಟ್ಟೆ.

ಕಳೆದ ವರ್ಷ ಮೊಮ್ಮಗಳು ಶಾಲೆಗೆ ‘ನನ್ನ ಕುಟುಂಬ’ ಎಂಬ ಪ್ರಾಜೆಕ್ಟ್ ಮಾಡಬೇಕಾಗಿ ಬಂದಾಗ ಆ ಡಿಸ್ಕ್ ಹೊರಬಂತು. ಅಮ್ಮ ಸುಮ್ಮನೆ ಕುಳಿತಿರುವ ತನಕ ಅಡ್ಡಿಯಿಲ್ಲ. ಮಳೆ ಶುರುವಾದದ್ದೇ ತಡ, ಇಡೀ ತೆರೆ ಚೌಕ ಚೌಕವಾಗಿ ಒಡೆಯಿತು. ಅಪ್ಪಯ್ಯ ಇರುವ ಜಾಗದಲ್ಲಿ ಕಂದು ಬಣ್ಣದ ಒಂದಷ್ಟು ಇಟ್ಟಿಗೆಗಳು ಸರಿದು ಹೋದವು.

“ಅಜ್ಜ, ಇದರಲ್ಲಿ ಮುತ್ತಜ್ಜ ಎಲ್ಲಿದ್ದಾರೆ?” ಎಂದು ಕೇಳಿತು ಮಗು.

ಆ ಪ್ರಶ್ನೆಯಿಂದ ಅಟ್ಟ ಹತ್ತಿದ್ದು. ಟೇಪು ಬಿಸಾಡಿರಲಿಲ್ಲ ಎಂಬುದೇ ದೊಡ್ಡ ಪುಣ್ಯ.

ಬೂಸ್ಟು ಹಿಡಿದ ಟೇಪು

ಮೊದಲೇ ಒಂದು ಎಚ್ಚರಿಕೆ. ಬೂಸ್ಟು ಕಂಡ ಟೇಪನ್ನು ಹಾಗೇ ವಿಸಿಆರ್‌ಗೆ ತುರುಕಬೇಡಿ. ಬೂಸ್ಟು ಯಂತ್ರದ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಟೇಪಿಗೆ ದಾಟುತ್ತದೆ, ಟೇಪು ಹರಿಯಲೂಬಹುದು. ನಾನು ಉಡುಪಿಯಲ್ಲಿ ಹಳೆಯ ಯಂತ್ರ ರಿಪೇರಿ ಮಾಡುವವರೊಬ್ಬರನ್ನು ಹುಡುಕಿ ಸ್ವಚ್ಛ ಮಾಡಿಸಿದೆ. ವಿಸಿಆರನ್ನೂ ಅವರಿಂದಲೇ ಒಂದು ವಾರಕ್ಕೆ ಕಡ ತಂದೆ. ಹೊಸದನ್ನು ಕೊಳ್ಳುವಂತಿಲ್ಲ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಅದನ್ನು ನಿಲ್ಲಿಸಿತು.

ವಿಸಿಆರ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕ್ಯಾಪ್ಚರ್ ಎಂಬ ಸಣ್ಣ ಸಾಧನದ ಮೂಲಕ ಚಿತ್ರ ಇಳಿಯುತ್ತದೆ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ನಮಗೆ ಎರಡು ಸಲ ನಡುವೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಆಯಿತು. ಹೀಗೆ ಇಳಿಸಿದ ದೊಡ್ಡ ಕಡತವನ್ನು, ನಮ್ಮಲ್ಲಿ ಗಂಟೆಗೆ ಸುಮಾರು 13 ಜಿಬಿ ಬಂತು, ಅಳಿಸದೆ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇವೆ. ಅದು ಮೂಲಪ್ರತಿ. ಡಿವಿಡಿ ಅದರ ನಕಲು.

“ಈಗ ಡಿವಿಡಿ ಯಾರು ನೋಡುತ್ತಾರೆ ಅಜ್ಜ? ಫೋನಿಗೆ ಕಳಿಸಿದರೆ ಸಾಕಲ್ಲ?” ಎಂದಳು ಮೊಮ್ಮಗಳು. ನೋಡುವವರು ಇದ್ದಾರೆ. ಕಾಪುವಿನಲ್ಲಿರುವ ಅಕ್ಕನಿಗೆ 84 ವರ್ಷ. ಫೋನಿನ ಪುಟ್ಟ ತೆರೆ ಅವಳಿಗೆ ಕಾಣುವುದಿಲ್ಲ. ಟಿವಿಯ ಕೆಳಗೆ ಡಿವಿಡಿ ಪ್ಲೇಯರ್ ಇದೆ. ಡಿಸ್ಕ್ ಹಾಕಿ ಒಂದು ಗುಂಡಿ ಒತ್ತುವುದು ಮಾತ್ರ ಅವಳಿಗೆ ಗೊತ್ತು. ಆದ್ದರಿಂದ ಡಿವಿಡಿಯೇ ಆಗಬೇಕು.

ಲೆಡ್ಜರಿನ ‘ಡಿಟ್ಟೋ’

ಮಕ್ಕಳೇ, ಒಂದು ಲೆಕ್ಕ ಮಾಡೋಣ. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಗುಣಿಸಿದರೆ 4,14,720. ಒಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್ ಎಂದು ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 12 ಲಕ್ಷದ 44 ಸಾವಿರ ಬೈಟ್. ಸೆಕೆಂಡಿಗೆ ಇಂಥ 25 ಚಿತ್ರ ಬೇಕು. ಹಾಗೇ ತುಂಬಿಸುತ್ತಾ ಹೋದರೆ ಒಂದು ಡಿವಿಡಿ ಎಷ್ಟು ಹೊತ್ತಿಗೆ ತುಂಬುತ್ತದೆ ಗೊತ್ತೇ? ಎರಡೂವರೆ ನಿಮಿಷಕ್ಕೆ!

ಹಾಗಾದರೆ ಒಂದೂವರೆ, ಎರಡು ಗಂಟೆ ಹಿಡಿಯುವುದು ಹೇಗೆ? ಲೆಡ್ಜರ್ ಬರೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಸಾಲಿನಲ್ಲಿದ್ದ ತಾರೀಕೇ ಕೆಳಗೂ ಇದ್ದರೆ ನಾವು ಪುನಃ ಬರೆಯುತ್ತಿರಲಿಲ್ಲ. ಡಿಟ್ಟೋ ಗುರುತು ಹಾಕುತ್ತಿದ್ದೆವು. ಡಿವಿಡಿ ಬಳಸುವ ಎಂಪೆಗ್-2 ವಿಧಾನವೂ ಅದನ್ನೇ ಮಾಡುತ್ತದೆ. ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನ ಹತ್ತು ಹನ್ನೆರಡು ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಆಮೇಲೆ ಮತ್ತೊಂದು ಪೂರ್ತಿ ಚಿತ್ರ. ಚಿತ್ರವನ್ನು 16 ಚುಕ್ಕೆ ಅಗಲ, 16 ಚುಕ್ಕೆ ಉದ್ದದ ಚೌಕಗಳಾಗಿ ಕತ್ತರಿಸಿಕೊಂಡು ಈ ಲೆಕ್ಕ ನಡೆಯುತ್ತದೆ. ಒಂದು ಚಿತ್ರದಲ್ಲಿ ಅಂಥ 1,620 ಚೌಕ.

ಅಮ್ಮ ಮಣೆ ಮುಂದೆ ಕುಳಿತಿದ್ದರೆ ಗೋಡೆ ಡಿಟ್ಟೋ, ಕಂಬ ಡಿಟ್ಟೋ, ಸೀರೆ ಡಿಟ್ಟೋ. ಕೈ ಮಾತ್ರ ಹೊಸದು. ಮಳೆ ಬಂದರೆ? ಪ್ರತಿ ಹನಿಯೂ ಹೊಸದು. ಜನ ಓಡುತ್ತಾರೆ, ಚಾಪೆ ಏಳುತ್ತದೆ, ಡಿಟ್ಟೋ ಹಾಕಲು ಜಾಗವೇ ಇಲ್ಲ. ಆಟದ ಟೇಪಿನಲ್ಲೂ ಹಾಗೆಯೇ. ಭಾಗವತರು ಪದ ಹೇಳುವಾಗ ಕೆಲಸ ಕಡಿಮೆ. ಬಡಗಿನ ಪುಂಡುವೇಷ ಮಂಡಿ ಹಾಕಿ ಗಿರಗಿರ ತಿರುಗಿದರೆ ಕಿರೀಟದ ಮಿಣಿಮಿಣಿಯೆಲ್ಲ ಹೊಸ ಬರವಣಿಗೆ. ಬರೆಯಲು ಜಾಗ ಸಾಲದಾದಾಗ ಯಂತ್ರ ಏನು ಮಾಡುತ್ತದೆ? ಚೌಕದ ಒಳಗಿನ ವಿವರ ಬಿಟ್ಟು, ಒಂದು ಬಣ್ಣ ಬಳಿದು ಮುಂದೆ ಹೋಗುತ್ತದೆ. ನಮ್ಮ ಅಪ್ಪಯ್ಯ ಇಟ್ಟಿಗೆಯಾದದ್ದು ಹೀಗೆ.

ಖರ್ಚಿನ ಲೆಕ್ಕ

ಒಂದು ಸೆಕೆಂಡಿಗೆ ಎಷ್ಟು ಬರೆಯಬಹುದು ಎಂಬ ಮಿತಿಗೆ ಬಿಟ್‌ರೇಟ್ ಎನ್ನುತ್ತಾರೆ. ಇದು ತಿಂಗಳ ಪಿಂಚಣಿಯ ಹಾಗೆ. ಇರುವ ಮೊತ್ತ ನಿಗದಿ, ಅದನ್ನು ಎಷ್ಟು ದಿನಕ್ಕೆ ಹಂಚುತ್ತೀರಿ ಎಂಬುದೇ ಪ್ರಶ್ನೆ.

ಸಾಮಾನ್ಯ ಡಿವಿಡಿಯ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.37 ಎನ್ನುತ್ತದೆ. “ಅಜ್ಜ, ಅಂಗಡಿಯವರು ಮೋಸ ಮಾಡಿದ್ದಾರೆ” ಎಂದಳು ಮೊಮ್ಮಗಳು. ಮೋಸವಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ. ಹಿಂದೆ ಒಂದು ಊರಿನ ಸೇರಿಗೂ ಇನ್ನೊಂದು ಊರಿನ ಸೇರಿಗೂ ವ್ಯತ್ಯಾಸ ಇರುತ್ತಿತ್ತಲ್ಲ, ಹಾಗೆ. ಅಕ್ಕಿ ಅಷ್ಟೇ.

ಈಗ ಲೆಕ್ಕ. 4.7 ಜಿಬಿಯನ್ನು 8ರಿಂದ ಗುಣಿಸಿದರೆ 3 ಕೋಟಿ 76 ಲಕ್ಷ ಕಿಲೋಬಿಟ್. ಮೆನು ಮುಂತಾದ್ದಕ್ಕೆ ನೂರಕ್ಕೆ ಐದು ಪಾಲು ತೆಗೆದಿಡಿ. ಉಳಿದದ್ದು 3 ಕೋಟಿ 57 ಲಕ್ಷದ 20 ಸಾವಿರ. ಇದನ್ನು ನಿಮ್ಮ ಚಿತ್ರದ ಒಟ್ಟು ಸೆಕೆಂಡುಗಳಿಂದ ಭಾಗಿಸಿ, ಧ್ವನಿಗೆ 192 ಕಳೆಯಿರಿ. ಸಿಕ್ಕಿದ್ದೇ ವಿಡಿಯೋ ಬಿಟ್‌ರೇಟ್. ಸುಮಾರು ಹೀಗೆ ಬರುತ್ತದೆ:

90 ನಿಮಿಷಕ್ಕೆ: 6,400
2 ಗಂಟೆಗೆ: 4,700
3 ಗಂಟೆಗೆ: 3,100
6 ಗಂಟೆಗೆ: 1,450

ಒಂದು ಗಂಟೆಯ ಚಿತ್ರಕ್ಕೆ ಈ ಲೆಕ್ಕದಲ್ಲಿ 9,700 ಬರುತ್ತದೆ. ಡಿವಿಡಿ ನಿಯಮದ ಪ್ರಕಾರ ವಿಡಿಯೋಗೆ 9,800 ತನಕ ಅವಕಾಶ ಇದೆ. ಆದರೂ ಮನೆಯಲ್ಲಿ ಬರೆದ ಡಿಸ್ಕಿಗೆ 8,000 ದಾಟದಿರುವುದು ಒಳ್ಳೆಯದು. ಹಳೆಯ ಪ್ಲೇಯರುಗಳು ಅಲ್ಲಿ ತಡವರಿಸುತ್ತವೆ.

ಪಟ್ಟಿಯ ಕೊನೆಯ ಸಾಲು ನೋಡಿ. ಆರು ಗಂಟೆಗೆ 1,450. ನಾನು ಲಾಭವೆಂದುಕೊಂಡದ್ದು ಇದನ್ನೇ. ಅಂಗಡಿಯವನದು ಮಾತ್ರ ತಪ್ಪು ಎನ್ನಲಾರೆ. ಇಷ್ಟು ವರ್ಷ ಲೆಕ್ಕ ಬರೆದ ನಾನು ಒಂದು ಭಾಗಾಕಾರ ಮಾಡಿ ನೋಡಲಿಲ್ಲ.

ಹಳೆಯ ಟೇಪಿಗೆ ಕಡಿಮೆ ಬಿಟ್‌ರೇಟ್ ಸಾಕು ಎಂದು ಕೆಲವರು ಹೇಳುತ್ತಾರೆ, ಮೂಲವೇ ಮಸುಕು ತಾನೇ ಎಂದು. ಅದು ಪೂರ್ತಿ ಸರಿಯಲ್ಲ. ಹಳೆಯ ಟೇಪಿನಲ್ಲಿ ಸಾಸಿವೆ ಸಿಡಿದ ಹಾಗೆ ಚುಕ್ಕೆಗಳು ಕುಣಿಯುತ್ತಿರುತ್ತವೆ. ಯಂತ್ರಕ್ಕೆ ಅದೂ ಮಳೆಯ ಹಾಗೆಯೇ, ಪ್ರತಿ ಚುಕ್ಕೆಯೂ ಹೊಸ ಸುದ್ದಿ. ಚುಕ್ಕೆ ಅಳಿಸುವ ಸೌಲಭ್ಯ ತಂತ್ರಾಂಶಗಳಲ್ಲಿ ಇದೆ. ಸ್ವಲ್ಪ ಬಳಸಿದರೆ ಒಳ್ಳೆಯದು. ಹೆಚ್ಚಾದರೆ ಮುಖದ ಸುಕ್ಕೂ ಅಳಿಸಿ ಅಮ್ಮ ಮೇಣದ ಗೊಂಬೆಯಾಗುತ್ತಾರೆ. ನಾವು ಅತಿ ಕಡಿಮೆಯಲ್ಲಿ ಇಟ್ಟೆವು.

ಪಂಕ್ತಿಯ ಊಟ, ಎರಡು ಸುತ್ತು

ಮುಂದಿನ ಆಯ್ಕೆ: ಎಲ್ಲ ಸೆಕೆಂಡಿಗೂ ಸಮಪಾಲೋ, ಅಗತ್ಯ ನೋಡಿ ಪಾಲೋ? ಇಂಗ್ಲಿಷ್ ಅಕ್ಷರಗಳಲ್ಲಿ ಸಿಬಿಆರ್, ವಿಬಿಆರ್ ಎಂದಿರುತ್ತದೆ.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಪುಟ್ಟ ಮಗುವಿಗೂ ಗದ್ದೆ ಕೆಲಸ ಮಾಡಿ ಬಂದವರಿಗೂ ಒಂದೇ ಸೌಟು ಬಡಿಸಿದರೆ ಮಗುವಿನ ಎಲೆಯಲ್ಲಿ ಅನ್ನ ಉಳಿಯುತ್ತದೆ, ದುಡಿದವರ ಹೊಟ್ಟೆ ತುಂಬುವುದಿಲ್ಲ. ಇದು ಸಿಬಿಆರ್. ಹಸಿವು ನೋಡಿ ಬಡಿಸುವುದು ವಿಬಿಆರ್. ಆದರೆ ಪಂಕ್ತಿಯ ಮೊದಲಲ್ಲೇ ಧಾರಾಳ ಮಾಡಿದರೆ ಕೊನೆಯವರಿಗೆ ಪಾತ್ರೆ ಖಾಲಿ. ಆದ್ದರಿಂದ ಜಾಣ ಬಡಿಸುವವರು ಮೊದಲು ಬರಿಗೈಯಲ್ಲಿ ಪಂಕ್ತಿಯ ಉದ್ದಕ್ಕೂ ಒಮ್ಮೆ ನಡೆದು, ಯಾರು ಎಲ್ಲಿ ಕುಳಿತಿದ್ದಾರೆ ಎಂದು ನೋಡಿ ಬರುತ್ತಾರೆ. ಇದಕ್ಕೆ ‘ಟೂ ಪಾಸ್’ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಯಂತ್ರ ಇಡೀ ಚಿತ್ರ ನೋಡಿಕೊಳ್ಳುತ್ತದೆ, ಎರಡನೆಯ ಸುತ್ತಿನಲ್ಲಿ ಬರೆಯುತ್ತದೆ. ಸಮಯ ಹೆಚ್ಚುಕಡಿಮೆ ಎರಡರಷ್ಟು. ನಿವೃತ್ತರಿಗೆ ಸಮಯಕ್ಕೇನು ಬರ?

ನಾವು ‘ಮನೆ’ ಟೇಪಿನಲ್ಲಿ ಖಾಲಿ ಭಾಗವನ್ನೂ, ಕ್ಯಾಮೆರಾ ನಿಲ್ಲಿಸಲು ಮರೆತು ಅರ್ಧ ಗಂಟೆ ಅಂಗಳದ ನೆಲ ಹಿಡಿದದ್ದನ್ನೂ ಕತ್ತರಿಸಿದಾಗ 85 ನಿಮಿಷ ಉಳಿಯಿತು. ಅಮ್ಮನ ಮಾತು ಚೆನ್ನಾಗಿ ಕೇಳಲಿ ಎಂದು ಧ್ವನಿಗೆ 256 ಇಟ್ಟೆವು. ವಿಡಿಯೋಗೆ 6,700, ಎರಡು ಸುತ್ತು. ಅಂಗಡಿಯ ಡಿಸ್ಕಿಗಿಂತ ನಾಲ್ಕೂವರೆ ಪಾಲು ಹೆಚ್ಚು. ಹರಕೆ ಆಟದ ಮೂರು ಗಂಟೆಯನ್ನು ಎರಡು ಡಿಸ್ಕಿಗೆ ಹಂಚಿದೆವು. ಮಂದಾರ್ತಿ ಮೇಳದ ಆ ಆಟ ನಮ್ಮ ಗದ್ದೆಯಲ್ಲೇ ನಡೆದದ್ದು. ವೇಷಗಳ ಜೊತೆ ಸಭೆಯಲ್ಲಿ ಕುಳಿತ ಊರಿನವರೂ ಅದರಲ್ಲಿದ್ದಾರೆ. ಅವರಲ್ಲಿ ಹಲವರು ಈಗಿಲ್ಲ.

ನಾವು ಎಡವಿದ್ದು ಎಲ್ಲಿ?

ಮೊದಲ ಪ್ರಯತ್ನದಲ್ಲಿ ಅಮ್ಮ ದಪ್ಪಗಾದರು. ಹಳೆಯ ಟಿವಿಯ ಚಿತ್ರದ ಅಳತೆ 4:3. ತಂತ್ರಾಂಶದಲ್ಲಿ 16:9 ಎಂದು ಇತ್ತು, ನಾವು ಗಮನಿಸಲಿಲ್ಲ. “ಅತ್ತೆಯವರನ್ನು ಇಷ್ಟು ದಷ್ಟಪುಷ್ಟವಾಗಿ ನಾನು ಒಮ್ಮೆಯೂ ಕಂಡದ್ದಿಲ್ಲ” ಎಂದು ಮನೆಯವಳು ನಕ್ಕಳು.

ಎರಡನೆಯ ಪ್ರಯತ್ನದಲ್ಲಿ ಆಕಾರ ಸರಿ, ಆದರೆ ಯಾರು ಕೈ ಆಡಿಸಿದರೂ ಚಿತ್ರ ಹಿಂದೆ ಮುಂದೆ ನಡುಗುತ್ತಿತ್ತು. ನಿಂತರೆ ನಡುಕವಿಲ್ಲ. ಇದಕ್ಕೆ ಕಾರಣ ಹುಡುಕಲು ಎರಡು ದಿನ ಹೋಯಿತು. ಹಳೆಯ ವಿಡಿಯೋ ಸೆಕೆಂಡಿಗೆ 25 ಇಡೀ ಚಿತ್ರ ಅಲ್ಲ, 50 ಅರ್ಧ ಚಿತ್ರ. ಒಮ್ಮೆ 1, 3, 5ನೇ ಗೆರೆಗಳು, ಮತ್ತೊಮ್ಮೆ 2, 4, 6ನೇ ಗೆರೆಗಳು. ಯಾವ ಅರ್ಧ ಮೊದಲು ಎಂಬುದು ತಪ್ಪಿದರೆ, ಪುಸ್ತಕದ ಎರಡನೇ ಪುಟ ಓದಿ ಆಮೇಲೆ ಒಂದನೇ ಪುಟ ಓದಿದ ಹಾಗೆ. ಕಾಲ ಹಿಂದೆ ಮುಂದೆ ಆಗುತ್ತದೆ. ತಂತ್ರಾಂಶದಲ್ಲಿ ‘ಫೀಲ್ಡ್ ಆರ್ಡರ್’ ಎಂಬ ಆಯ್ಕೆ ಇದೆ. ಮೇಲಿನದು ಮೊದಲು ಎಂದಿದ್ದದ್ದನ್ನು ಕೆಳಗಿನದು ಮೊದಲು ಎಂದು ಬದಲಿಸಿದೆವು. ನಡುಕ ನಿಂತಿತು. ನಿಮ್ಮ ಸಾಧನದಲ್ಲಿ ಇದು ತಿರುಗುಮುರುಗಾಗಿ ಇರಬಹುದು, ಪರೀಕ್ಷಿಸಿಯೇ ತಿಳಿಯಬೇಕು.

ಅದಕ್ಕೊಂದು ಉಪಾಯ: ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯು ಒಂದನ್ನು ತನ್ನಿ. ಹೆಚ್ಚು ಓಡಾಟ ಇರುವ ಐದು ನಿಮಿಷದ ಭಾಗ ಮಾತ್ರ ಬರೆದು, ಕಂಪ್ಯೂಟರಿನಲ್ಲಿ ಅಲ್ಲ, ಟಿವಿಯಲ್ಲೇ ನೋಡಿ. ಸರಿ ಕಂಡ ಮೇಲೆ ಇಡೀ ಚಿತ್ರ.

ಉಳಿದ ಸಣ್ಣ ಮಾತುಗಳು: ತಂತ್ರಾಂಶದಲ್ಲಿ ಪಾಲ್ ಎಂದೇ ಆರಿಸಿ. ಎನ್‌ಟಿಎಸ್‌ಸಿ ಎಂಬುದು ಅಮೆರಿಕ, ಜಪಾನಿನ ಪದ್ಧತಿ. ಅಮೆರಿಕದಲ್ಲಿರುವ ಮಗನಿಗೆ ಕಳಿಸುವುದಾದರೆ ಡಿಸ್ಕಿನ ಬದಲು ಎಂಪಿ4 ಕಡತ ಮಾಡಿ ಕಳಿಸಿ. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಮೆನು ಜೋಡಿಸಿ ಡಿಸ್ಕ್ ಮಾಡಬಹುದು. ಬರೆಯುವ ವೇಗ ಅತಿ ಹೆಚ್ಚಿನದಕ್ಕೆ ಬೇಡ, ನಾವು 4ಎಕ್ಸ್ ಇಟ್ಟೆವು. ಕೊನೆಯಲ್ಲಿ ‘ಫೈನಲೈಸ್’ ಆಗದಿದ್ದರೆ ಟಿವಿಯ ಪ್ಲೇಯರ್ ಓದದೆ ಇರಬಹುದು. ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ, ಬಿಸಿಲಿಗೆ ಇಡಬೇಡಿ, ಬಾಲ್ ಪೆನ್ನಿನಲ್ಲಿ ಗೀಚಬೇಡಿ, ಮೆತ್ತಗಿನ ಮಾರ್ಕರಿನಲ್ಲಿ ಬರೆಯಿರಿ. ಮನೆಯಲ್ಲಿ ಬರೆದ ಡಿಸ್ಕಿನ ಒಳಗಿರುವುದು ಬಣ್ಣದ ಒಂದು ಪದರ, ಅದೂ ಶಾಶ್ವತವಲ್ಲ. ಆದ್ದರಿಂದ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ.

ಎಂಟು ಸೆಕೆಂಡು

ನಮ್ಮ ಕರಾವಳಿಗೆ ಚಿತ್ರೀಕರಣದ ಬೆಲೆ ಗೊತ್ತು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಧ್ವನಿ ಮತ್ತು ವಿಡಿಯೋದಲ್ಲಿ ದಾಖಲಿಸಿದರು. 15,683 ಸಾಲಿನ ಆ ಕಾವ್ಯ 1998ರಲ್ಲಿ ಗ್ರಂಥವಾಗಿ ಬಂತು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಯಕ್ಷಗಾನದಂಥ ಕಲೆಗಳನ್ನು ದಾಖಲಿಸಿಟ್ಟಿದೆ. ದೊಡ್ಡವರ ಕೆಲಸ ಅವರು ಮಾಡಿದರು. ಆದರೆ ನಮ್ಮ ಮನೆಯ ಹಪ್ಪಳದ ಚಾಪೆಯನ್ನು ಯಾವ ಸಂಸ್ಥೆಯೂ ಕಾಪಾಡುವುದಿಲ್ಲ. ಅದು ನಮ್ಮದೇ ಕೆಲಸ.

ಪತ್ತನಾಜೆ ಕಳೆದ ವಾರ ಮೊಮ್ಮಗಳನ್ನು ಕರೆದುಕೊಂಡು ಕಾಪುವಿಗೆ ಹೋದೆ. ಅಕ್ಕನೇ ಡಿಸ್ಕ್ ಹಾಕಿ ಗುಂಡಿ ಒತ್ತಿದಳು. ಅಮ್ಮನ ಬೈಗುಳ ಕೇಳಿ ನಕ್ಕಳು. ಮಳೆ ಬಂತು. ಅಂಗಳದ ಹನಿ ಹನಿಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. 53 ವರ್ಷದ ಅಕ್ಕ ಚಾಪೆ ಸುತ್ತಿಕೊಂಡು ಓಡಿದಳು. ಹಿಂದಿನಿಂದ ಅಪ್ಪಯ್ಯ ಮೆಟ್ಟಿಲಿಳಿದು ಬಂದರು, ಅವಳ ತಲೆಯ ಮೇಲೆ ಕೊಡೆ ಹಿಡಿದರು, ಚೌಕಟ್ಟಿನಿಂದ ಆಚೆ ಹೋದರು.

ಅಕ್ಕ ಮತ್ತೊಮ್ಮೆ ಹಾಕಿಸಿದಳು. ಮೂರನೆಯ ಸಲ ಹಾಕಿದಾಗ ಹೇಳಿದಳು: “ತಮ್ಮಾ, ಕೊಡೆ ಎಡಗೈಯಲ್ಲಿ ಹಿಡಿದಿದ್ದಾರೆ ನೋಡು. ಅಪ್ಪಯ್ಯ ಎಡಚ ಅಲ್ಲವಾ!”

ನನಗೆ ಅದು ಪೂರ್ತಿ ಮರೆತುಹೋಗಿತ್ತು. ಪಕ್ಕದಲ್ಲಿದ್ದ ಮೊಮ್ಮಗಳು ತನ್ನ ಎಡಗೈಯನ್ನು ಎತ್ತಿ ತೋರಿಸಿದಳು. ಅವಳೂ ಬರೆಯುವುದು ಎಡಗೈಯಲ್ಲೇ. ಅದು ಎಲ್ಲಿಂದ ಬಂತು ಎಂದು ನಾವು ಇಷ್ಟು ದಿನ ಅವಳ ಅಮ್ಮನ ಕಡೆಯವರಲ್ಲಿ ಹುಡುಕುತ್ತಿದ್ದೆವು.

ಮಕ್ಕಳೇ, ಈ ಸಲದ ಮಳೆ ಹಿಡಿಯುವ ಮೊದಲು ಅಜ್ಜನನ್ನು ಕೇಳಿ ಅಟ್ಟ ಹತ್ತಿ. ಬಿಸ್ಕತ್ತಿನ ಡಬ್ಬ ಕಂಡರೆ ತೆರೆದು ನೋಡಿ. ಹಿರಿಯರೇ, ಡಿಸ್ಕ್ ಮಾಡಿಸಲು ಅಂಗಡಿಗೆ ಹೋದರೆ “ಎಷ್ಟು ರೂಪಾಯಿ?” ಎಂದು ಕೇಳುವ ಮೊದಲು “ಒಂದು ಡಿಸ್ಕಿಗೆ ಎಷ್ಟು ಗಂಟೆ?” ಎಂದು ಕೇಳಿ. ಎರಡಕ್ಕಿಂತ ಹೆಚ್ಚು ಹೇಳಿದರೆ ಇನ್ನೊಂದು ಡಿಸ್ಕಿನ ದುಡ್ಡು ಕೊಟ್ಟುಬಿಡಿ. ಟೇಪನ್ನು ಮಾತ್ರ ಮರೆಯದೆ ವಾಪಸು ತನ್ನಿ.